ಕಡಲಿಲ್ಲದ ಊರಿನ ಕಡಲ ಪಾಠ

ಭಾನುವಾರ ಬೆಳಗಿನ ಹೊತ್ತು. ಹೆಬ್ಬಾಳ ಕೆರೆಯ ಮೇಲೆ ತೆಳುವಾದ ಮಂಜು. ಹೆಜ್ಜಾರ್ಲೆಗಳ ಗುಂಪೊಂದು ನೀರಿನ ಮೇಲೆ ಸಾವಧಾನವಾಗಿ ತೇಲುತ್ತಿದ್ದರೆ, ಆಚೆ ಮೇಲ್ಸೇತುವೆಯ ಮೇಲೆ ವಿಮಾನ ನಿಲ್ದಾಣದ ಕಡೆಗೆ ಹೊರಟ ವಾಹನಗಳ ಅವಸರ. ಏರಿಯ ಮೇಲೆ ವಾಕಿಂಗ್ ಬಂದ ಹಿರಿಯರನ್ನು ಮಾತಿಗೆಳೆದರೆ ಹಳೆಯ ಕಾಲ ಬಿಚ್ಚಿಕೊಳ್ಳುತ್ತದೆ. ಹೆಬ್ಬಾಳ, ಯಲಹಂಕ, ಜಕ್ಕೂರು, ರಾಚೇನಹಳ್ಳಿ... ಬೆಂಗಳೂರಿನ ಉತ್ತರ ದಿಕ್ಕಿನ ಈ ಊರುಗಳಿಗೆಲ್ಲ ಒಂದೊಂದು ಕೆರೆ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ಅಣ್ಣನೋ ಸೋದರಮಾವನೋ ನೀರಿಗೆ ದಬ್ಬಿದ ಮೇಲೆ ಕೈಕಾಲು ಬಡಿದು ಈಜು ಕಲಿತ ಕಾಲ ಅದು. ಫೀಸೂ ಇಲ್ಲ, ಸರ್ಟಿಫಿಕೇಟೂ ಇಲ್ಲ!

ಈಗ ಆ ಕೆರೆಗಳ ಸುತ್ತ ಬೇಲಿ ಬಂದಿದೆ, ನಡೆದಾಡುವ ಹಾದಿ ಬಂದಿದೆ. ನೀರಿಗಿಳಿಯುವುದು ಮಾತ್ರ ನಿಂತುಹೋಗಿದೆ. ನಗರದ ಕೊಳಚೆ ಕಂಡ ನೀರಿಗೆ ಇಳಿಯದಿರುವುದೇ ಒಳ್ಳೆಯದು, ನಿಜ. ಆದರೆ ಇದರಿಂದಾಗಿ ನೀರನ್ನು ದೂರದಿಂದ ನೋಡಿ ಮಾತ್ರ ಗೊತ್ತಿರುವ ಮಕ್ಕಳ ಒಂದು ತಲೆಮಾರೇ ಇಲ್ಲಿ ಬೆಳೆದಿದೆ.

ವಿಚಿತ್ರ ನೋಡಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಹತ್ತಿರದ ಕಡಲಿಗೂ ರಸ್ತೆಯಲ್ಲಿ 300 ಕಿಲೋಮೀಟರಿಗೆ ಮಿಕ್ಕ ದೂರದಲ್ಲಿ ಇರುವ ಈ ಊರಿನ ಮಕ್ಕಳು ಈಗ ಕಡಲ ತಳ ನೋಡಲು ಹೊರಟಿದ್ದಾರೆ. ಸ್ಕೂಬಾ ಡೈವಿಂಗ್ ಎಂಬ ಹೆಸರು ಆರ್‌.ಟಿ. ನಗರದ, ಯಲಹಂಕ ಉಪನಗರದ ಊಟದ ಮನೆಗಳಲ್ಲೂ ಕೇಳಿಬರುತ್ತಿದೆ. "ಅಪ್ಪಾ, ರಜೆಯಲ್ಲಿ ಲೈಸೆನ್ಸ್ ತೊಗೋತೀನಿ" ಎಂದು ಮಗಳು ಹೇಳಿದರೆ ಅಪ್ಪ ಸ್ಕೂಟರಿನದಿರಬೇಕು ಎಂದುಕೊಳ್ಳುತ್ತಾನೆ. ಕಡಲಿನದು ಎಂದು ತಿಳಿದಾಗ ಕೈಯಲ್ಲಿದ್ದ ತುತ್ತು ಅಲ್ಲೇ ನಿಲ್ಲುತ್ತದೆ. ಅಮ್ಮನದು ಒಂದೇ ಪ್ರಶ್ನೆ: "ಉಸಿರಾಡೋದು ಹೇಗೆ?"

ಅಮ್ಮನ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಈ ವಿದ್ಯೆಯೆಲ್ಲ ನಿಂತಿರುವುದು ಅದರ ಮೇಲೆಯೇ.

ವೈಶಂಪಾಯನದಿಂದ ಈಜುಕೊಳಕ್ಕೆ

ನೀರೊಳಗೆ ಅಡಗಿ ಕುಳಿತವರೆಂದರೆ ಕನ್ನಡದ ವಿದ್ಯಾರ್ಥಿಗೆ ಮೊದಲು ನೆನಪಾಗುವವನು ದುರ್ಯೋಧನ. ಜಲಸ್ತಂಭನ ವಿದ್ಯೆಯ ಬಲದಿಂದ ಅವನು ವೈಶಂಪಾಯನ ಸರೋವರದ ತಳ ಸೇರಿದ. ಆ ವಿದ್ಯೆ ಅವನೊಂದಿಗೇ ಹೋಯಿತು. ಉಳಿದವರು ಇಪ್ಪತ್ತನೆಯ ಶತಮಾನದ ತನಕ ಕಾಯಬೇಕಾಯಿತು.

1943ರಲ್ಲಿ, ಮಹಾಯುದ್ಧದ ನಡುವೆ, ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾ ಸೇರಿ ಒಂದು ಸಲಕರಣೆ ಸಿದ್ಧಮಾಡಿದರು. ಯುದ್ಧಕಾಲದಲ್ಲಿ ಪೆಟ್ರೋಲಿಗೆ ಬರ. ಅನಿಲದಿಂದ ಕಾರು ಓಡಿಸಲೆಂದು ಗಾನ್ಯಾ ರೂಪಿಸಿದ್ದ ಕವಾಟವನ್ನೇ ತಿದ್ದಿ ಮನುಷ್ಯನ ಉಸಿರಿಗೆ ಹೊಂದಿಸಿದರು. ಬೆನ್ನ ಮೇಲಿನ ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯನ್ನು, ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಬಾಯಿಗೆ ಒದಗಿಸುವುದು ಈ ಕವಾಟದ ಕೆಲಸ. ಇವತ್ತಿನ ಸ್ಕೂಬಾದ ರೆಗ್ಯುಲೇಟರ್ ಇದೇ ವಂಶದ್ದು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳಬೇಕು. ಡೈವಿಂಗ್ ಮಾಡುವವರ ಬೆನ್ನ ಮೇಲೆ ಇರುವುದು "ಆಕ್ಸಿಜನ್ ಸಿಲಿಂಡರ್" ಅಲ್ಲ. ಕಲಿಯುವವರು ಉಸಿರಾಡುವುದು ಯಲಹಂಕದ ಬೀದಿಯಲ್ಲಿ ಎಲ್ಲರೂ ಉಸಿರಾಡುವಂಥ ಗಾಳಿಯನ್ನೇ, ಶೋಧಿಸಿ, ಒಣಗಿಸಿ, ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿದ್ದು. ಅದರಲ್ಲಿ 21 ಭಾಗ ಆಮ್ಲಜನಕ, ಉಳಿದದ್ದು ಬಹುಪಾಲು ಸಾರಜನಕ. ಶುದ್ಧ ಆಮ್ಲಜನಕವನ್ನು ತುಂಬಿಕೊಂಡು ಆಳಕ್ಕಿಳಿದರೆ, ಆರು ಮೀಟರ್ ದಾಟಿದ ಮೇಲೆ ಪ್ರಾಣವಾಯುವೇ ಪ್ರಾಣಕ್ಕೆ ಎರವಾಗಬಲ್ಲದು!

ಈ ಭಾರದ ಸಿಲಿಂಡರನ್ನು ಹೊತ್ತು ಕಲಿಯುವವರು ಮೊದಲು ಇಳಿಯುವುದು ಕಡಲಿಗಲ್ಲ, ಈಜುಕೊಳಕ್ಕೆ. ತರಗತಿಯ ಪಾಠವನ್ನೂ ಕೊಳದ ಅಭ್ಯಾಸವನ್ನೂ ಬೆಂಗಳೂರಿನಲ್ಲೇ ಮುಗಿಸಿ, ಕಡಲ ಭಾಗಕ್ಕೆ ಮಾತ್ರ ಕರಾವಳಿಗೋ ಅಂಡಮಾನಿಗೋ ಹೋಗುವ ಅನುಕೂಲ ಈಗ ಇದೆ. ಸೋಮವಾರದಿಂದ ಶನಿವಾರದವರೆಗೆ ಶಾಲೆ, ಟ್ಯೂಷನ್ನು, ಹೋಂವರ್ಕು ಎಂದು ಓಡಾಡುವ ಮಕ್ಕಳಿಗೆ ಇದು ಹೊಂದಿಕೆಯಾಗುತ್ತದೆ.

ಕೊಳದಲ್ಲಿ ಮೊದಲ ಪಾಠ ಬಲು ಸರಳ: ಮಂಡಿಯೂರಿ ಕುಳಿತು, ಮುಖ ನೀರೊಳಗಿಟ್ಟು, ಬಾಯಿಯಿಂದ ಉಸಿರಾಡುವುದು. ಅಷ್ಟೇ. ಆದರೆ ಹುಟ್ಟಿದಂದಿನಿಂದ "ನೀರಿನಲ್ಲಿ ಉಸಿರು ಬಿಗಿಹಿಡಿ" ಎಂದೇ ಕಲಿತ ದೇಹ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಮೊದಲ ಎರಡು ನಿಮಿಷ ಎದೆ ಡವಡವ. ಗುಳ್ಳೆಗಳ ಗಲಗಲ ಸದ್ದು ಕಿವಿ ತುಂಬುತ್ತದೆ. ಆಮೇಲೆ ಒಂದು ಕ್ಷಣದಲ್ಲಿ ದೇಹಕ್ಕೆ ತಿಳಿಯುತ್ತದೆ, ಗಾಳಿ ಬರುತ್ತಿದೆ, ನಿಲ್ಲುವುದಿಲ್ಲ ಎಂದು. ಹೆದರಿದ ಮುಖ ಕನ್ನಡಕದೊಳಗೇ ಅರಳುತ್ತದೆ.

ಅನಂತರದ್ದೇ ನಿಜವಾದ ಶಿಕ್ಷಣ. ಕನ್ನಡಕದೊಳಗೆ ಬೇಕೆಂದೇ ನೀರು ತುಂಬಿಸಿಕೊಂಡು, ಮೂಗಿನಿಂದ ಗಾಳಿ ಊದಿ ಅದನ್ನು ಹೊರಹಾಕಬೇಕು. ಬಾಯಿಯಲ್ಲಿದ್ದ ರೆಗ್ಯುಲೇಟರನ್ನು ಕಿತ್ತು ಬಿಟ್ಟು, ಕೈಬೀಸಿ ಹುಡುಕಿ, ಮತ್ತೆ ಬಾಯಿಗಿಟ್ಟುಕೊಳ್ಳಬೇಕು. ಗಾಳಿ ತೀರಿತೆಂದು ಸನ್ನೆ ಮಾಡಿ ಜೊತೆಗಾರನ ಬಳಿಯಿರುವ ಎರಡನೆಯ ಬಾಯಿತುಂಡಿನಿಂದ ಉಸಿರಾಡಬೇಕು. ಅಂದರೆ ಕಡಲಿನಲ್ಲಿ ಏನೇನು ಕೆಡಬಹುದೋ ಅದನ್ನೆಲ್ಲ ಮೊದಲೇ ಕೊಳದಲ್ಲಿ ಕೆಡಿಸಿ ನೋಡುವುದು. ಕೆಟ್ಟಾಗ ಕೈ ನಡುಗಬಾರದು, ಅಷ್ಟಕ್ಕೇ ಇಷ್ಟೆಲ್ಲ.

ಸನ್ನೆಯ ಭಾಷೆಯೂ ಹೊಸದು. ಬೆಂಗಳೂರಿನ ಹುಡುಗರು ಖುಷಿಯಾದಾಗ ಹೆಬ್ಬೆರಳೆತ್ತಿ "ಸೂಪರ್" ಎನ್ನುತ್ತಾರಷ್ಟೆ. ನೀರಿನಡಿ ಅದೇ ಸನ್ನೆಗೆ "ಮೇಲಕ್ಕೆ ಹೋಗೋಣ" ಎಂಬ ಅರ್ಥ! ಮೀನು ಕಂಡ ಸಂತೋಷಕ್ಕೆ ಹೆಬ್ಬೆರಳೆತ್ತಿದವರನ್ನು ಶಿಕ್ಷಕರು ಮರುಮಾತಿಲ್ಲದೆ ಮೇಲಕ್ಕೆ ಕರೆತರುತ್ತಾರೆ. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು.

ಗೋಲಿ ಸೋಡಾ ಹೇಳುವ ವಿಜ್ಞಾನ

ಪಾಠದ ಪುಸ್ತಕ ತೆರೆದರೆ ಪರಿಚಯದ ಮುಖವೇ ಎದುರಾಗುತ್ತದೆ: ಬಾಯ್ಲನ ನಿಯಮ. ಒತ್ತಡ ಎರಡರಷ್ಟಾದರೆ ಅನಿಲದ ಗಾತ್ರ ಅರ್ಧವಾಗುತ್ತದೆ ಎಂದು ಪರೀಕ್ಷೆಗಾಗಿ ಉರು ಹೊಡೆದದ್ದು ಇಲ್ಲಿ ಮೈಮೇಲೆ ಬರುತ್ತದೆ. ಸಮುದ್ರದ ಮೇಲ್ಮೈಯಲ್ಲಿ ಒಂದು ವಾತಾವರಣದ ಒತ್ತಡ. ಹತ್ತು ಮೀಟರ್ ಇಳಿದರೆ ಎರಡು. ಇಪ್ಪತ್ತು ಮೀಟರಿಗೆ ಮೂರು.

ಇಳಿಯುವಾಗ ಮೊದಲು ಅರಿವಾಗುವುದು ಕಿವಿಗೆ. ಕೊಳದ ಎರಡು ಮೂರು ಮೀಟರ್ ಆಳದಲ್ಲೇ ಕಿವಿಯೊಳಗೆ ಯಾರೋ ಬೆರಳಿಟ್ಟು ಒತ್ತಿದಂತಾಗುತ್ತದೆ. ಮೂಗು ಹಿಡಿದು ಮೆಲ್ಲನೆ ಗಾಳಿ ಊದಿ ಒಳಗಿನ ಒತ್ತಡವನ್ನು ಹೊರಗಿನದಕ್ಕೆ ಸಮ ಮಾಡಬೇಕು. ನೋವು ಬರುವ ತನಕ ಕಾಯಬಾರದು, ಬಲವಂತವಾಗಿ ಊದಲೂಬಾರದು. ನೆಗಡಿಯಿದ್ದ ದಿನ ನೀರಿಗಿಳಿಯಲೇಬಾರದು ಎನ್ನುವುದು ಇದಕ್ಕಾಗಿ. ಫೀಸು ಕಟ್ಟಾಗಿದೆ, ಟಿಕೆಟ್ಟು ಬುಕ್ಕಾಗಿದೆ ಎಂಬ ಕಾರಣಕ್ಕೆ ಮೂಗು ಕಟ್ಟಿದ ಮಗುವನ್ನು ಇಳಿಸಿದರೆ ಕಿವಿಯ ತಮಟೆಗೇ ಪೆಟ್ಟು.

ಏರುವಾಗಿನದು ಇನ್ನೂ ದೊಡ್ಡ ವಿಷಯ. ಹತ್ತು ಮೀಟರ್ ಆಳದಲ್ಲಿ ಎದೆ ತುಂಬ ಉಸಿರೆಳೆದುಕೊಂಡವನು ಅದನ್ನು ಬಿಗಿಹಿಡಿದೇ ಮೇಲೆ ಬಂದರೆ ಆ ಗಾಳಿ ಎರಡರಷ್ಟು ಹಿಗ್ಗುತ್ತದೆ. ಶ್ವಾಸಕೋಶ ಅಷ್ಟು ಹಿಗ್ಗುವ ಬಲೂನಲ್ಲ. ಆದ್ದರಿಂದ ಸ್ಕೂಬಾದ ಮೊದಲ ನಿಯಮ, ಕೊನೆಯ ನಿಯಮ ಎರಡೂ ಒಂದೇ: ಎಂದೂ ಉಸಿರು ಹಿಡಿಯಬೇಡ. ಈಜಿನಲ್ಲಿ ಉಸಿರು ಹಿಡಿಯುವವನು ಜಾಣ, ಇಲ್ಲಿ ಉಸಿರು ಬಿಡುವವನು ಜಾಣ.

ಎರಡನೆಯ ಅಪಾಯವನ್ನು ವಿವರಿಸಲು ಗೋಲಿ ಸೋಡಾಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಗೋಲಿ ಕೂತಿರುವ ತನಕ ಬಾಟಲಿಯ ನೀರು ತಣ್ಣಗಿರುತ್ತದೆ. ಗೋಲಿ ಒತ್ತಿದೊಡನೆ ಒತ್ತಡ ಇಳಿದು ಬುಸ್ಸೆಂದು ಗುಳ್ಳೆ. ಆಳದಲ್ಲಿ ಉಸಿರಾಡುವಾಗ ಸಾರಜನಕ ರಕ್ತದಲ್ಲೂ ಮಾಂಸಖಂಡಗಳಲ್ಲೂ ಕರಗಿ ಸೇರುತ್ತದೆ. ನಿಧಾನವಾಗಿ ಮೇಲೆ ಬಂದರೆ ಅದು ಉಸಿರಿನೊಡನೆ ಸದ್ದಿಲ್ಲದೆ ಹೊರಹೋಗುತ್ತದೆ. ಧಾವಿಸಿ ಬಂದರೆ ದೇಹವೇ ಸೋಡಾ ಬಾಟಲಿ! ಕೀಲುಗಳಲ್ಲಿ ನೋವು, ಕೈಕಾಲು ಜೋಮು, ಕೆಲವೊಮ್ಮೆ ಲಕ್ವದಂಥ ಸ್ಥಿತಿ. ಅದಕ್ಕೆ ಚಿಕಿತ್ಸೆ ಒತ್ತಡದ ಕೋಣೆಯಲ್ಲೇ ಆಗಬೇಕು. ಅಂಥ ಕೋಣೆಗಳು ಎಲ್ಲ ಊರಲ್ಲೂ ಇರುವುದಿಲ್ಲ.

ಎಷ್ಟು ಹೊತ್ತು ಎಷ್ಟು ಆಳದಲ್ಲಿರಬಹುದು, ಹೇಗೆ ಹಂತಹಂತವಾಗಿ ಏರಬೇಕು ಎಂಬ ಕೋಷ್ಟಕವನ್ನು 1908ರಲ್ಲಿ ಪ್ರಕಟಿಸಿದವರು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್. ಅವರು ಪ್ರಯೋಗ ಮಾಡಿದ್ದು ಆಡುಗಳ ಮೇಲೆ. ಮನೆಯ ಮಗನನ್ನೂ ಬಿಡಲಿಲ್ಲ. 13 ವರ್ಷದ ಹುಡುಗನಿಗೆ ಅಳತೆ ಮೀರಿದ ಮುಳುಗುಡುಪು ತೊಡಿಸಿ ಸ್ಕಾಟ್ಲೆಂಡಿನ ಕಡಲಿಗಿಳಿಸಿದರು. ಉಡುಪಿನೊಳಗೆ ನೀರು ಸೋರಿತು, ಹುಡುಗ ಬದುಕಿಕೊಂಡ. ಮುಂದೆ ಅವನೇ ಜಗತ್ಪ್ರಸಿದ್ಧ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಇವತ್ತು ಕೈಗಡಿಯಾರದಂಥ ಪುಟ್ಟ ಕಂಪ್ಯೂಟರ್ ಮಾಡುವ ಲೆಕ್ಕದ ಬೇರು ಆ ಹಳೆಯ ಕೋಷ್ಟಕದಲ್ಲಿದೆ.

ಕಾರ್ಡು ಯಾರಿಗೆ, ಯಾವಾಗ?

ತಂದೆತಾಯಿಗಳು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಕರಾವಳಿಯಲ್ಲಿ ಒಂದು ದಿನದ ಪ್ರವಾಸಿಗಳಿಗೆ "ಸ್ಕೂಬಾ ಅನುಭವ" ಮಾಡಿಸುತ್ತಾರೆ. ಶಿಕ್ಷಕ ಕೈಹಿಡಿದು ಕರೆದೊಯ್ದು, ಮೀನು ತೋರಿಸಿ, ಫೋಟೋ ತೆಗೆದು ಕರೆತರುತ್ತಾನೆ. ಕೊನೆಯಲ್ಲಿ ಒಂದು ಚೆಂದದ ಪ್ರಮಾಣಪತ್ರವೂ ಸಿಗಬಹುದು. ಅದು ನೆನಪಿನ ಕಾಣಿಕೆ, ಅರ್ಹತೆಯಲ್ಲ.

ಅರ್ಹತೆಯ ಮೊದಲ ಮೆಟ್ಟಿಲಿಗೆ 'ಓಪನ್ ವಾಟರ್ ಡೈವರ್' ಎಂದು ಹೆಸರು. 1966ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪ್ಯಾಡಿ, 1970ರ ಎಸ್‌ಎಸ್‌ಐ ಮುಂತಾದ ಸಂಸ್ಥೆಗಳು ಇದನ್ನು ಕೊಡುತ್ತವೆ. ಪ್ಯಾಡಿಯ ಕ್ರಮದಲ್ಲಿ ಐದು ಪಾಠಗಳು ಮತ್ತು ಬರವಣಿಗೆಯ ಪರೀಕ್ಷೆ, ಕೊಳದಲ್ಲಿ ಐದು ಅಭ್ಯಾಸ, ಕಡಲಿನಲ್ಲಿ ನಾಲ್ಕು ಮುಳುಗು. ಈ ನಾಲ್ಕನ್ನು ಒಂದೇ ದಿನದಲ್ಲಿ ಮುಗಿಸುವಂತಿಲ್ಲ, ಕನಿಷ್ಠ ಎರಡು ದಿನ ಬೇಕು. ಇದಲ್ಲದೆ 200 ಮೀಟರ್ ಈಜಬೇಕು, ಹತ್ತು ನಿಮಿಷ ಯಾವುದೇ ಆಧಾರವಿಲ್ಲದೆ ತೇಲಬೇಕು. ವೇಗದ ಪ್ರಶ್ನೆಯಿಲ್ಲ, ಈಜಿನ ಶೈಲಿಯೂ ಮುಖ್ಯವಲ್ಲ. ಗಾಬರಿಯಿಲ್ಲದೆ ದಡ ಮುಟ್ಟಿದರಾಯಿತು.

ವಯಸ್ಸು ಕನಿಷ್ಠ ಹತ್ತು. ಆದರೆ ಹದಿನೈದು ತುಂಬುವ ತನಕ ಸಿಗುವುದು ಕಿರಿಯರ ಕಾರ್ಡು. ಹತ್ತು, ಹನ್ನೊಂದರ ಮಕ್ಕಳು 12 ಮೀಟರಿಗಿಂತ ಕೆಳಗಿಳಿಯುವಂತಿಲ್ಲ, ತಂದೆತಾಯಿಯಲ್ಲಿ ಒಬ್ಬರೋ ವೃತ್ತಿಪರ ಡೈವರೋ ಜೊತೆಗಿರಲೇಬೇಕು. ಹನ್ನೆರಡರಿಂದ ಹದಿನಾಲ್ಕರವರಿಗೂ ಅರ್ಹತೆ ಪಡೆದ ಹಿರಿಯರ ಜೊತೆ ಬೇಕು. ಹದಿನೈದಾದವರಿಗೆ ಜೊತೆಗಾರನೊಡನೆ 18 ಮೀಟರ್ ತನಕ ಇಳಿಯುವ ಅನುಮತಿ. ಒಬ್ಬರೇ ಇಳಿಯುವುದನ್ನು ಈ ಮೆಟ್ಟಿಲಿನಲ್ಲಿ ಕಲಿಸುವುದೇ ಇಲ್ಲ.

ನೀರಿಗಿಳಿಯುವ ಮೊದಲು ಆರೋಗ್ಯದ ಪ್ರಶ್ನಾವಳಿಯೊಂದನ್ನು ತುಂಬಬೇಕು. ಉಬ್ಬಸ, ಮೂರ್ಛೆರೋಗ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ ಇತ್ಯಾದಿಗಳಲ್ಲಿ ಯಾವುದಕ್ಕಾದರೂ "ಹೌದು" ಎಂದಿದ್ದರೆ ವೈದ್ಯರ ಒಪ್ಪಿಗೆ ಬೇಕು. ಕೆಲವರು ಮಗುವಿನ ಆಸೆ ಕೆಡಿಸಬಾರದೆಂದು ಎಲ್ಲಕ್ಕೂ "ಇಲ್ಲ" ಎಂದು ಬರೆದುಬಿಡುತ್ತಾರೆ. ಶಾಲೆಯ ರಜಾ ಅರ್ಜಿಯಲ್ಲಿ ಹೊಟ್ಟೆನೋವು ಎಂದು ಬರೆದಂತಲ್ಲ ಇದು. ಆ ಒಂದು ಸುಳ್ಳಿನ ಬೆಲೆ ನೀರಿನಡಿಯಲ್ಲಿ ಗೊತ್ತಾಗುತ್ತದೆ.

ಖರ್ಚು? ಹತ್ತಾರು ಸಾವಿರ ರೂಪಾಯಿಯ ಮಾತು, ಸುಳ್ಳೇಕೆ. ಎಲ್ಲ ಮನೆಗೂ ಎಟುಕುವುದಿಲ್ಲ. ಎಟುಕದವರು ಕೈಚೆಲ್ಲಬೇಕಿಲ್ಲ. ಮೊದಲ ಹೆಜ್ಜೆಯಾದ ಈಜು ಬಡಾವಣೆಯ ಕೊಳದಲ್ಲೂ ಸಿಗುತ್ತದೆ. ಈಜು ಬಾರದೆ ಸ್ಕೂಬಾಕ್ಕೆ ಹೋಗುವುದಕ್ಕಿಂತ, ಸ್ಕೂಬಾ ಕಲಿಯದೆ ಈಜು ಕಲಿಯುವುದು ಎಷ್ಟೋ ಮೇಲು.

ಯಶವಂತಪುರದಿಂದ ಕಡಲಿಗೆ

ಕೊಳದ ಅಭ್ಯಾಸ ಮುಗಿದ ಮೇಲೆ ಕಡಲು. ಕರ್ನಾಟಕದವರಿಗೆ ಆ ಕಡಲೆಂದರೆ ಮುರುಡೇಶ್ವರ, ಅದರಾಚೆ ನೇತ್ರಾಣಿ. ಹೊರಡುವ ದಾರಿ ಉತ್ತರ ಬೆಂಗಳೂರಿನವರ ಮನೆಬಾಗಿಲಲ್ಲೇ ಇದೆ. ಯಶವಂತಪುರದಲ್ಲಿ ಕಾರವಾರದ ಕಡೆಯ ರಾತ್ರಿ ರೈಲು ಹತ್ತಿದರೆ ಕುಣಿಗಲ್, ಹಾಸನ ದಾಟಿ ಸಕಲೇಶಪುರ. ಅಲ್ಲಿಂದ ಸುಬ್ರಹ್ಮಣ್ಯ ರೋಡ್ ತನಕ 55 ಕಿಲೋಮೀಟರ್ ಘಟ್ಟದ ಇಳಿಜಾರು, 57 ಸುರಂಗ. ಮಕ್ಕಳು ಎಚ್ಚರವಿದ್ದು ಸುರಂಗ ಎಣಿಸುತ್ತೇವೆಂದು ಪಣತೊಡುತ್ತಾರೆ. ಹತ್ತು ದಾಟುವಷ್ಟರಲ್ಲಿ ನಿದ್ದೆ ಗೆಲ್ಲುತ್ತದೆ. ಕಣ್ಣು ಬಿಟ್ಟಾಗ ಕಿಟಕಿಯಾಚೆ ತೆಂಗು, ಹಂಚಿನ ಮನೆ, ಉಪ್ಪು ಬೆರೆತ ಗಾಳಿ.

ಮುರುಡೇಶ್ವರದಲ್ಲಿ ಕಡಲಿಗೆ ಮುಖ ಮಾಡಿದ ಇಪ್ಪತ್ತು ಅಂತಸ್ತಿನ ಗೋಪುರ, 123 ಅಡಿಯ ಶಿವನ ಮೂರ್ತಿ. ಬಯಲುಸೀಮೆಯ ಶಾಲೆಗಳ ಪ್ರವಾಸದ ಬಸ್ಸುಗಳಿಗೆ ಇದು ಕಾಯಂ ನಿಲ್ದಾಣ. ಕಡಲನ್ನು ಜೀವನದಲ್ಲಿ ಮೊದಲ ಬಾರಿ ನೋಡುವ ಮಕ್ಕಳ ಕೇಕೆ ಇಲ್ಲಿ ಕೇಳಬೇಕು. ಅದೇ ಕೇಕೆಯ ನಡುವೆ 2024ರ ಡಿಸೆಂಬರಿನಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಈ ತೀರದಲ್ಲಿ ಮುಳುಗಿ ಪ್ರಾಣ ಬಿಟ್ಟರು. ಕೆರೆಯಲ್ಲಿ ನೀರು ನಿಂತಿರುತ್ತದೆ. ಕಡಲಿನಲ್ಲಿ ಹಾಗಲ್ಲ. ಮೊಣಕಾಲುದ್ದದ ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳನ್ನೂ ನಿಂತವರನ್ನೂ ಒಟ್ಟಿಗೆ ಎಳೆಯುತ್ತದೆ. ಇದನ್ನು ಕಡಲಂಚಿನ ಮಗು ಹುಟ್ಟಿನಿಂದ ಬಲ್ಲದು, ಬಯಲುಸೀಮೆಯ ಮಗುವಿಗೆ ಯಾರಾದರೂ ಹೇಳಿಕೊಡಬೇಕು.

ಸ್ಕೂಬಾ ಕಲಿಯುವವರಿಗೆ ಈ ಪಾಠ ಮೊದಲೇ ಆಗಿರುತ್ತದೆ. ಅಲೆ ನೋಡುವುದು, ಸೆಳೆತ ಗುರುತಿಸುವುದು, ದೋಣಿಯವರ ಮಾತು ಕೇಳುವುದು, "ಇವತ್ತು ಬೇಡ" ಎಂದರೆ ಮರುಮಾತಾಡದೆ ಹಿಂದಿರುಗುವುದು... ಕಾರ್ಡಿನ ಮೇಲೆ ಇವು ಯಾವುವೂ ಅಚ್ಚಾಗಿರುವುದಿಲ್ಲ. ಕಾರ್ಡಿಗಿಂತ ಹೆಚ್ಚು ಕಾಯುವುದು ಇವೇ.

ನೇತ್ರಾಣಿಯ ನೀರಿನಡಿ

ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ ನೇತ್ರಾಣಿ. ಕಾಡು ಹೊದ್ದ, ಬಂಡೆಯಂಚಿನ ಪುಟ್ಟ ದ್ವೀಪ. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಹೃದಯದ ಆಕಾರ. ಪಾರಿವಾಳಗಳ ದ್ವೀಪವೆಂದೂ ಇದಕ್ಕೆ ಹೆಸರು. ಬಿಳಿಹೊಟ್ಟೆಯ ಕಡಲ ಹದ್ದುಗಳು ಇಲ್ಲಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಮೀನುಗಾರರು ಹರಕೆ ಹೊತ್ತು ಬಿಟ್ಟ ಆಡುಗಳ ಸಂತತಿಯೂ ಇಲ್ಲಿ ಬೆಳೆದಿದೆ. ಹಾಲ್ಡೇನರ ಆಡುಗಳಿಗೂ ಇವಕ್ಕೂ ಸಂಬಂಧವಿಲ್ಲ, ಡೈವರುಗಳ ಕಥೆಯಲ್ಲಿ ಎರಡು ಕಡೆ ಆಡು ಬಂದದ್ದು ಕಾಕತಾಳೀಯ! ನೌಕಾಪಡೆ ಗುರಿ ಅಭ್ಯಾಸಕ್ಕೆ ಈ ದ್ವೀಪವನ್ನು ಬಳಸುತ್ತ ಬಂದದ್ದಕ್ಕೆ ಪರಿಸರಾಸಕ್ತರು ಆಕ್ಷೇಪ ಎತ್ತಿದ್ದೂ ಉಂಟು.

ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಅಕ್ಟೋಬರಿನಿಂದ ಮೇ ತನಕ, ಅದರಲ್ಲೂ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ನೀರು ತಿಳಿ. ಒಳ್ಳೆಯ ದಿನ ಹದಿನೈದು, ಇಪ್ಪತ್ತು ಮೀಟರ್ ದೂರದ ತನಕ ಕಾಣುತ್ತದೆ. ತೀರದಿಂದ ಒಂದು, ಒಂದೂವರೆ ಗಂಟೆಯ ದೋಣಿ ಪ್ರಯಾಣ. ಖಾಲಿ ಹೊಟ್ಟೆಯಲ್ಲೂ ಬೇಡ, ತುಂಬಿದ ಹೊಟ್ಟೆಯಲ್ಲೂ ಬೇಡ ಎಂಬ ಹಿರಿಯರ ಮಾತನ್ನು ಮೀರಿ ದೋಸೆಯ ಮೇಲೆ ದೋಸೆ ತಿಂದು ಬಂದವರು ದೋಣಿಯ ಅಂಚು ಹಿಡಿದು ಕುಳಿತಿರುತ್ತಾರೆ.

ನೀರಿಗೆ ಬಿದ್ದ ಮೇಲೆ ಸದ್ದು ನಿಲ್ಲುತ್ತದೆ. ಲಂಗರಿನ ಹಗ್ಗದ ಗುಂಟ ಒಂದೊಂದು ಮೀಟರ್ ಇಳಿಯುತ್ತ, ಕಿವಿ ಸರಿಮಾಡಿಕೊಳ್ಳುತ್ತ ಹೋದಂತೆ ಬಣ್ಣಗಳು ಬದಲಾಗುತ್ತವೆ. ಮೊದಲು ಮಾಯವಾಗುವುದು ಕೆಂಪು. ತಳದಲ್ಲಿ ಬಂಡೆ, ಬಂಡೆಯ ಮೇಲೆ ಹವಳ. ಹಳದಿ ಪಟ್ಟೆಯ ಚಿಟ್ಟೆ ಮೀನು, ಹವಳವನ್ನು ಕಟಕಟ ಕಡಿಯುವ ಗಿಳಿ ಮೀನು, ಸಂದಿಯಿಂದ ತಲೆ ಹೊರಹಾಕಿದ ಹಾವು ಮೀನು. ಅದೃಷ್ಟವಿದ್ದರೆ ಕಡಲಾಮೆ. ಬಲು ಅಪರೂಪಕ್ಕೆ ತಿಮಿಂಗಿಲ ಶಾರ್ಕ್. ಪುನೀತ್ ರಾಜ್‌ಕುಮಾರ್ ಅವರ ಕೊನೆಯ ಚಿತ್ರ, 2022ರಲ್ಲಿ ತೆರೆಕಂಡ 'ಗಂಧದ ಗುಡಿ'ಯಲ್ಲಿ ಈ ಕಡಲ ಲೋಕವನ್ನು ನೋಡಿದ ಮೇಲೆ ನೇತ್ರಾಣಿಯ ಹೆಸರು ಮನೆಮನೆಗೆ ಮುಟ್ಟಿತು.

ಇಲ್ಲಿ ಕಲಿಯುವವರ ಎದುರಿಗಿರುವ ಪರೀಕ್ಷೆ ತೇಲುವಿಕೆಯದು. ಮುಳುಗಲೂ ಬಾರದು, ಏಳಲೂ ಬಾರದು, ನೀರಿನ ನಡುವೆ ಅಲ್ಲಾಡದೆ ನಿಲ್ಲಬೇಕು. ಸೊಂಟದ ಸೀಸದ ತೂಕ, ಅಂಗಿಯಲ್ಲಿನ ಗಾಳಿ, ಉಸಿರು ಮೂರನ್ನೂ ಹೊಂದಿಸಬೇಕು. ಉಸಿರೆಳೆದರೆ ಒಂದು ಗೇಣು ಮೇಲೆ, ಬಿಟ್ಟರೆ ಒಂದು ಗೇಣು ಕೆಳಗೆ. ಇದು ಬಾರದವರ ಕಾಲು ಹವಳಕ್ಕೆ ತಾಗುತ್ತದೆ. ವರ್ಷಕ್ಕೆ ಕೆಲವೇ ಮಿಲಿಮೀಟರುಗಳಿಂದ ಕೆಲವು ಸೆಂಟಿಮೀಟರು ಬೆಳೆಯುವ ಹವಳಕ್ಕೆ ಒಂದು ಒದೆತ ಸಾಕು. ಗಟ್ಟಿ ಹವಳಗಳೂ ತಿಮಿಂಗಿಲ ಶಾರ್ಕೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿವೆ. ಮನೆಯ ಶೋಕೇಸಿಗೆಂದು ಒಂದು ಚೂರು ಹವಳ ಮುರಿದು ತಂದರೂ ಅದು ಅಪರಾಧ.

ಮರಳಿ ಘಟ್ಟ ಹತ್ತುವ ಮುನ್ನ

ನಾಲ್ಕು ಮುಳುಗು ಮುಗಿಯಿತು, ಕಾರ್ಡು ಬಂತು. ಸೋಮವಾರ ಶಾಲೆಯಿದೆ, ಸಂಜೆಯ ರೈಲಿಗೇ ಹೊರಡೋಣ... ನಿಲ್ಲಿ! ಬೆಂಗಳೂರಿನವರಿಗೇ ಮೀಸಲಾದ ಒಂದು ಎಚ್ಚರಿಕೆ ಇಲ್ಲಿದೆ.

ಡೈವಿಂಗ್ ಮಾಡಿದ ಮೇಲೆ ಕೂಡಲೆ ವಿಮಾನ ಹತ್ತಬಾರದು ಎಂಬುದು ಬಹಳ ಮಂದಿಗೆ ಗೊತ್ತು. ಒಂದೇ ಮುಳುಗಾದರೆ ಕನಿಷ್ಠ 12 ಗಂಟೆ, ಹಲವು ಮುಳುಗು ಅಥವಾ ಹಲವು ದಿನಗಳದಾದರೆ ಕನಿಷ್ಠ 18 ಗಂಟೆ ಕಾಯಬೇಕು. ದೇಹದಲ್ಲಿ ಉಳಿದ ಸಾರಜನಕ ಹೊರಹೋಗಲು ಅಷ್ಟು ಬಿಡುವು ಬೇಕು. ಆದರೆ ಈ ಸಲಹೆ ಲೆಕ್ಕ ಹಿಡಿಯುವುದು ವಿಮಾನವನ್ನಲ್ಲ, ಎತ್ತರವನ್ನು. ಸುಮಾರು 600 ಮೀಟರಿನಿಂದಲೇ ಅದು ಅನ್ವಯಿಸುತ್ತದೆ. ಸಕಲೇಶಪುರವೂ ಬೆಂಗಳೂರೂ 900 ಮೀಟರಿನ ಆಸುಪಾಸಿನಲ್ಲಿವೆ. ಭಾನುವಾರ ಮಧ್ಯಾಹ್ನ ಕೊನೆಯ ಮುಳುಗು ಮುಗಿಸಿ ಸಂಜೆಯ ರೈಲು ಹಿಡಿದರೆ, ನಡುರಾತ್ರಿ ಘಟ್ಟ ಏರುವಾಗ 18 ಗಂಟೆ ಇನ್ನೂ ತುಂಬಿರುವುದಿಲ್ಲ. ಚೆನ್ನೈಯವರಿಗೆ, ಮುಂಬೈಯವರಿಗೆ ಮನೆಯೇ ಸಮುದ್ರಮಟ್ಟದಲ್ಲಿದೆ. ಬೆಂಗಳೂರಿನವರು ಮನೆಗೆ ಹೋಗುವುದೆಂದರೇ ಬೆಟ್ಟ ಹತ್ತಿದಂತೆ!

ಪರಿಹಾರ ಸುಲಭ. ಒಂದು ದಿನ ಹೆಚ್ಚು ರಜೆ ಹಾಕಿ, ಕರಾವಳಿಯಲ್ಲೇ ರಾತ್ರಿ ತಂಗಿ, ಮರುದಿನ ಹೊರಡುವುದು. ಮರಳಿನ ಮೇಲೆ ಕುಳಿತು ಸಂಜೆ ನೋಡಲು ಒಂದು ಸಕಾರಣವೂ ಸಿಕ್ಕಂತಾಯಿತು. ಪ್ರವಾಸದ ಏರ್ಪಾಟು ಮಾಡುವಾಗಲೇ ತಂದೆತಾಯಿಗಳು ಇದನ್ನು ಕೇಳಿ ತಿಳಿದುಕೊಳ್ಳಬೇಕು.

ಕಲಿತು ಏನು ಮಾಡುವುದು?

ಮಾರ್ಕ್ಸ್ ಕಾರ್ಡಿಗೆ ಏನು ಉಪಯೋಗ ಎಂದು ಕೇಳುವವರಿಗೂ ಉತ್ತರವಿದೆ. ಲೋಥಲ್ ಉತ್ಖನನದಿಂದ ಹೆಸರಾದ ಪುರಾತತ್ತ್ವಜ್ಞ ಶಿಕಾರಿಪುರ ರಂಗನಾಥರಾವ್ ಕನ್ನಡಿಗರು. 1922ರಲ್ಲಿ ಹುಟ್ಟಿದ ಅವರು, ಬೇರೆಯವರು ವಿಶ್ರಾಂತಿಗೆ ಹೊರಡುವ ವಯಸ್ಸಿನಲ್ಲಿ, 1981ರಲ್ಲಿ ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ತ್ವದ ಕೆಲಸಕ್ಕೆ ಅಡಿಪಾಯ ಹಾಕಿದರು. ಮುಂದೆ ದ್ವಾರಕೆಯ ಕಡಲಿನಡಿಯಿಂದ ಕಲ್ಲಿನ ಲಂಗರುಗಳು, ಕಟ್ಟಡಗಳ ಅವಶೇಷಗಳು ಬೆಳಕಿಗೆ ಬಂದದ್ದು ಆ ಕೆಲಸದ ಫಲ. 2013ರಲ್ಲಿ ಅವರು ಕೊನೆಯುಸಿರೆಳೆದದ್ದು ಕಡಲಿಲ್ಲದ ಈ ಬೆಂಗಳೂರಿನಲ್ಲೇ.

ಇನ್ನೂ ಹತ್ತಿರದ ಉದಾಹರಣೆ ಬೇಕೆ? ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ದಾರಿಯಲ್ಲಿ ಸಿಗುವ ಸಹಕಾರನಗರದಲ್ಲಿ ನೆಲೆಗೊಂಡ ದಕ್ಷಿಣ್ ಫೌಂಡೇಶನ್, ಅಂಡಮಾನ್, ಲಕ್ಷದ್ವೀಪ, ಒಡಿಶಾಗಳಲ್ಲಿ ಕಡಲಾಮೆ, ಹವಳ, ಮೀನುಗಾರಿಕೆಗಳ ಬಗ್ಗೆ ಕೆಲಸ ಮಾಡುತ್ತಿದೆ. ಕಡಲ ಜೀವಶಾಸ್ತ್ರ ಓದುವವರಿಗೆ ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗವಿದೆ, ಮಂಗಳೂರಿನಲ್ಲಿ 1969ರಷ್ಟು ಹಿಂದೆಯೇ ಆರಂಭವಾದ ಮೀನುಗಾರಿಕೆ ಕಾಲೇಜಿದೆ. ಕೊಚ್ಚಿಯಲ್ಲಿ ನೌಕಾಪಡೆಯದೇ ಡೈವಿಂಗ್ ಶಾಲೆಯಿದೆ. ಸಮುದ್ರ ಬಿಸಿಯಾಗಿ ಹವಳ ಬಿಳಿಚಿಕೊಳ್ಳುವ ವಿದ್ಯಮಾನ ಜಗತ್ತಿನಾದ್ಯಂತ ನಾಲ್ಕನೆಯ ಬಾರಿ ನಡೆಯುತ್ತಿದೆ ಎಂದು 2024ರಲ್ಲಿ ವಿಜ್ಞಾನಿಗಳು ಸಾರಿದರು. ಅದನ್ನು ಎಣಿಸಲು, ಅಳೆಯಲು, ಬರೆದಿಡಲು ನೀರಿಗಿಳಿಯಬಲ್ಲ ಕಣ್ಣುಗಳು ಬೇಕು.

ಇದೆಲ್ಲ ದೂರದ ಮಾತಾಯಿತು. ಹತ್ತಿರದ ಲಾಭ ಬೇರೆಯೇ. ಪರೀಕ್ಷೆಯ ಹಾಲಿನಲ್ಲಿ ಪ್ರಶ್ನೆಪತ್ರಿಕೆ ಕಂಡು ಎದೆ ಹೊಡೆದುಕೊಂಡಾಗ ಏನು ಮಾಡಬೇಕು? ಡೈವಿಂಗ್ ಕಲಿತವರಿಗೆ ಒಂದು ಸೂತ್ರ ಬಾಯಿಪಾಠವಾಗಿರುತ್ತದೆ: ನಿಲ್ಲು, ಉಸಿರಾಡು, ಯೋಚಿಸು, ಆಮೇಲೆ ಕೈಹಾಕು. ನೀರಿನಡಿ ಕಲಿತ ಈ ಪಾಠ ನೆಲದ ಮೇಲೂ ಕೆಲಸಕ್ಕೆ ಬರುತ್ತದೆ.

ದುರ್ಯೋಧನ ಸೋತದ್ದೂ ಇಲ್ಲಿಯೇ ಅಲ್ಲವೆ? ನೀರೊಳಗೆ ತಣ್ಣಗೆ ಕುಳಿತಿದ್ದವನು ಭೀಮನ ಮೂದಲಿಕೆ ಕೇಳಿ, ಸಿಟ್ಟು ತಡೆಯಲಾರದೆ ದಡಕ್ಕನೆ ಎದ್ದು ಬಂದ. ಇವತ್ತಿನ ಕಲಿಕೆಯವರಿಗೆ ಆ ಅವಸರ ಕೂಡದು. ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು, ಕಂಪ್ಯೂಟರಿನ ಮೇಲೆ ಕಣ್ಣಿಟ್ಟು, ಉಸಿರು ಬಿಡುತ್ತ ಮೆಲ್ಲನೆ ಮೇಲೆ ಬರಬೇಕು. ತಲೆ ನೀರಿನಿಂದ ಹೊರಬಂದೊಡನೆ ದೋಣಿಯ ಕಡೆಗೆ ಕೈಯೆತ್ತಿ ಸನ್ನೆ ಮಾಡಬೇಕು, ಎಲ್ಲ ಸರಿಯಿದೆ ಎಂದು.

ಆರ್‌.ಟಿ. ನಗರದ ಅಮ್ಮ ಕಾಯುತ್ತಿರುವುದು ಆ ಸನ್ನೆಗೇ.